ಎಡಗಿವಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ವೀರಭದ್ರಯ್ಯನವರ ಇಷ್ಟಲಿಂಗ ಬಾವಿಗೆ ಬಿತ್ತು. ಅಂದು ಸೋಮವಾರ, ೧೯೫೫ರ ಏಪ್ರಿಲ್ ಹನ್ನೊಂದು. ಚಾಮರಾಜಪೇಟೆಯ ಆ ಮನೆಗೆ ನಲ್ಲಿ ಬಂದು ಇಪ್ಪತ್ತು ವರ್ಷವಾಗಿದ್ದರೂ ಪೂಜೆಯ ನೀರನ್ನು, ಅವರ ಮಾತಿನಲ್ಲಿ ಅಗ್ಗವಣಿಯನ್ನು, ಹಿತ್ತಲ ಬಾವಿಯಿಂದ ತಾವೇ ಸೇದಿಕೊಳ್ಳುವುದು ಯಜಮಾನರ ಪದ್ಧತಿ. ಮೇಲೆ ಬಂದ ಕೊಡವನ್ನು ಹಿಡಿಯಲು ಬಗ್ಗಿದಾಗ ಕೊರಳಿನ ಶಿವದಾರ ಸವೆದ ಕಡೆ ಹರಿಯಿತು. ಲಿಂಗವಿದ್ದ ಬೆಳ್ಳಿಯ ಕರಡಿಗೆ, ಹರಿದ ದಾರದ ಎರಡು ತುದಿಗಳನ್ನೂ ಹಿಂದೆ ಎಳೆದುಕೊಂಡು ಕೆಳಗೆ ಹೋಯಿತು. ಕಟ್ಟೆಯಿಂದ ನೀರಿಗೆ ಇಪ್ಪತ್ತೆರಡು ಅಡಿ, ನೀರು ಹದಿನೆಂಟು ಅಡಿ. ಬಿದ್ದ ಸದ್ದನ್ನು ವೀರಭದ್ರಯ್ಯನವರೊಬ್ಬರೇ ಕೇಳಿದರು. ಅವರು ಕೂಗಲಿಲ್ಲ. ತುಂಬಿದ ಕೊಡವನ್ನು ಕಟ್ಟೆಯ ಮೇಲಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಾಯಲ್ಲಿದ್ದ ಎಂಜಲನ್ನು ಪಕ್ಕಕ್ಕೆ ಉಗಿದರು. ಲಿಂಗ ಮತ್ತೆ ಕೊರಳಿಗೆ ಬರುವ ತನಕ ಅನ್ನ ನೀರಿರಲಿ, ತಮ್ಮ ಎಂಜಲನ್ನೂ ನುಂಗುವುದಿಲ್ಲ ಎಂಬುದು ಅವರು ಆ ಕ್ಷಣಕ್ಕೆ ಹಿಡಿದ ಪಟ್ಟು.

ಆ ಹೊತ್ತಿನಲ್ಲಿ ಅವರ ಅಳಿಯ ಮುರುಗೇಶ ಪಡಸಾಲೆ ಪಕ್ಕದ ಕೋಣೆಯಲ್ಲಿ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದ್ದ. ಎಡಗಿವಿ ಮುಚ್ಚಿಹೋಗಿ ಒಂಬತ್ತು ದಿನವಾಗಿತ್ತು. ಹಾಗೆ ಮಲಗಿದರೆ ಈ ಮನೆ ಇಲ್ಲವಾಗುತ್ತಿತ್ತು. ಮಾವನ ಕೆಮ್ಮು ಇಲ್ಲ, ಅತ್ತೆಯ ಪಾತ್ರೆಗಳ ಸದ್ದಿಲ್ಲ, ಹಜಾರದ ಗಡಿಯಾರವಿಲ್ಲ. ತನ್ನ ರಕ್ತದ ಮೊರೆತವೊಂದೇ. ಈ ಕಾಯಿಲೆಯಲ್ಲಿ ಇದೊಂದು ಸುಖವೆಂದು ಅವನಿಗೆ ಅನ್ನಿಸಿತ್ತು, ಅನ್ನಿಸಿದ್ದಕ್ಕೆ ನಾಚಿಕೆಯೂ ಆಗಿತ್ತು. ನಾಲ್ಕನೇ ಮುಖ್ಯರಸ್ತೆಯ ಡಾಕ್ಟರು ಅಳೆದು ಮಾತಾಡುವವರು. ಕೆಂಪಾಂಬುಧಿ ಕೆರೆಯ ನೀರು ಹೊಕ್ಕು ಕಿವಿಯ ಹೊರನಾಳ ಕೆಟ್ಟಿದೆ, ಊದಿಕೊಂಡು ಬೆಂಕಿಕಡ್ಡಿ ಹೋಗುವಷ್ಟೂ ಸಂದಿಯಿಲ್ಲ ಎಂದಿದ್ದರು. ನೆತ್ತಿಯ ಮೇಲೆ, ಮಿಡಿದರೆ ನಾದ ಹೊರಡುವ ಉಕ್ಕಿನ ಕವಲುಕಡ್ಡಿಯೊಂದನ್ನು ಇಟ್ಟು ಕೇಳಿಸಿ, ಒಳಗೆ ಏನೂ ಹಾಳಾದಂತಿಲ್ಲ ಎಂದೂ ಹೇಳಿದ್ದರು. ಟಾರಿನ ವಾಸನೆಯ ಕಪ್ಪು ಔಷಧಿಯಲ್ಲಿ ಅದ್ದಿದ ಬಟ್ಟೆಯ ಬತ್ತಿಯನ್ನು ದಿನವೂ ಬದಲಿಸುತ್ತಿದ್ದರು. "ಹದಿನೈದು ದಿನ ಒಂದು ಹನಿ ನೀರು ತಾಗಿಸ್ಬೇಡಿ. ಮುಳುಗೋದಂತೂ ಬೇಡವೇ ಬೇಡ. ನಾಳ ಮುಚ್ಕೊಂಡಿರುವಾಗ ಆಳಕ್ಕೆ ಹೋದ್ರೆ ಒಳಗಿನ ಗಾಳಿ ಕಿವಿತಮಟೇನ ಹೊರಕ್ಕೆ ತಳ್ಳುತ್ತೆ. ತಡೆಯೋಕೆ ಆ ಕಡೆ ಏನೂ ಇರಲ್ಲ. ಹರಿದೋಗುತ್ತೆ." ಇಪ್ಪತ್ತೆರಡನೇ ತಾರೀಖಿಗೆ ವಾಸಿಯಾಗುತ್ತದೆಯೇ ಎಂದು ಅವನು ಕೇಳಿದ್ದ. ಮತ್ತಿಕೆರೆಯಾಚೆ ಏಳುತ್ತಿದ್ದ ಹೊಸ ಕಾರ್ಖಾನೆಯ ಉಗ್ರಾಣಕ್ಕೆ ಅವನು ಆಯ್ಕೆಯಾಗಿದ್ದ, ಇಪ್ಪತ್ತೆರಡಕ್ಕೆ ಮೈಪರೀಕ್ಷೆ. ಇಪ್ಪತ್ತು ಅಡಿ ದೂರದಲ್ಲಿ ನಿಂತವನು ಪಿಸುಗುಟ್ಟಿದ್ದನ್ನು ಎರಡು ಕಿವಿಯಿಂದಲೂ ಬೇರೆ ಬೇರೆಯಾಗಿ ಕೇಳಿ ಹೇಳಬೇಕೆಂದು ಕಾಗದದಲ್ಲಿತ್ತು. "ನೀರಿಂದ ದೂರ ಇದ್ರೆ ಆಗುತ್ತೆ" ಎಂದಿದ್ದರು ಡಾಕ್ಟರು. ಮತ್ತಿಕೆರೆಯಲ್ಲಿ ಎರಡು ಕೋಣೆಯ ಮನೆಯೊಂದಕ್ಕೆ ಮಾತಾಡಿಯೂ ಆಗಿತ್ತು. ಇದೆಲ್ಲ ಗೊತ್ತಿದ್ದದ್ದು ಅವನಿಗೆ ಮತ್ತು ಹೆಂಡತಿ ಶಿವಕುಮಾರಿಗೆ ಮಾತ್ರ. ಹಾಗೆಂದು ಅವನು ತಿಳಿದಿದ್ದ.

ಅವಳು ಬಂದು ಭುಜ ಅಲುಗಿಸಿದಾಗ ಆರೂವರೆ. ಅವಳ ತುಟಿ ಅಲುಗುವುದನ್ನು ನೋಡಿ ತಲೆಯೆತ್ತಿದ. ಮನೆ ಒಮ್ಮೆಲೇ ಬಲಗಿವಿಗೆ ನುಗ್ಗಿತು. ಹಿತ್ತಲಲ್ಲಿ ಅತ್ತೆ ಗಿರಿಜಾಂಬಾ ಅಳುತ್ತಿದ್ದರು. ಬಾವಿಗೆ ಬಿದ್ದ ಕೊಡಗಳನ್ನು ಎತ್ತುವ ಪಾತಾಳಗರಡಿಯನ್ನು ಪಕ್ಕದ ಮನೆಯಿಂದ ತಂದಿದ್ದರು. ಮುರುಗೇಶ ಒಂದು ಗಂಟೆಯ ಕಾಲ ಅದನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ತಳವನ್ನು ಕೆದಕಿದ. ಕೊಕ್ಕೆಗಳಿಗೆ ತಗುಲುವುದಕ್ಕೆ ಕೊಡಕ್ಕಾದರೆ ಕಂಠವಿರುತ್ತದೆ. ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ನುಣುಪು ಕರಡಿಗೆಗೆ ಏನಿದೆ. ಒಂದು ತುಕ್ಕುಹಿಡಿದ ಬಕೆಟ್ಟಿನ ಹಿಡಿ ಬಂತು, ಎಂದೋ ಕಳೆದ ತಾಮ್ರದ ಚೊಂಬು ಬಂತು. ಒಂದೊಂದು ಬಂದಾಗಲೂ ವೀರಭದ್ರಯ್ಯನವರು ಕಲ್ಲಿನ ಮೇಲಿಂದ ಕತ್ತು ಚಾಚಿ ನೋಡಿ, ಉಗಿದು, ಮೊದಲಿನಂತೆ ಕೂರುತ್ತಿದ್ದರು. ಅವರು ಕೂತಿದ್ದದ್ದು ಅವನ ಎಡಕ್ಕೆ. ಕಿವಿ ಮುಚ್ಚಿದ ಮಾರನೆಯ ದಿನದಿಂದ ಊಟದಲ್ಲಿ, ಅಂಗಡಿಯಲ್ಲಿ, ಎಲ್ಲೆಲ್ಲೂ ಅವರು ಎಡಕ್ಕೇ ಕೂರುತ್ತಿದ್ದರು. ಆ ಕಡೆಯಿಂದ ಗೊಣಗಿದ್ದು ಅವನಿಗೆ ತಲುಪುತ್ತಿರಲಿಲ್ಲ. ಎದುರಿಗಿದ್ದವರ ಮುಖದಲ್ಲಿ ಮೂಡುವ ನಗು ಮಾತ್ರ ಕಾಣುತ್ತಿತ್ತು.

"ದೊಡ್ಡಬೈರಪ್ಪನ್ನ ಕರೆಸೋಣ, ಅಪ್ಪಾಜಿ," ಎಂದಳು ಶಿವಕುಮಾರಿ. ದೊಡ್ಡಬೈರಪ್ಪ ಬಾವಿಯ ಹೂಳೆತ್ತುವವನು. ಪೇಟೆಯ ಬಾವಿಗಳ ತಳವೆಲ್ಲ ಅವನಿಗೆ ಗೊತ್ತು.

"ಕಂಡಕಂಡವರು ಮುಟ್ಟಿದ ಮೇಲೆ ಅದನ್ನ ನಾನು ಎದೆ ಮೇಲೆ ಇಟ್ಕೊಳ್ಳೋದಾ? ಲಿಂಗ ಕಟ್ಟಿದವರೇ ಇಳೀಬೇಕು." ಅವರು ಅಳಿಯನ ಕಡೆ ತಿರುಗಲಿಲ್ಲ. "ಮನೇಲೇ ಈಜುಗಾರರಿದಾರಲ್ಲ. ಭಾನುವಾರ ಎಮ್ಮೆಗಳ ಜೊತೆ ಕೆರೆಗಿಳಿಯೋ ಅಳಿಯಂದಿರು ಸೋಮವಾರ ನಮಗೋಸ್ಕರ ಬಾವಿಗೆ ಇಳಿಯಬಾರದೇನು?"

"ಅವರಿಗೆ ಕಿವಿ ಸರಿಯಿಲ್ಲ. ಡಾಕ್ಟರು ಮುಳುಗಲೇಬೇಡಿ ಅಂದಿದಾರೆ."

"ಕಿವಿ ಏನು, ಪ್ರಾಣವಾ?"

ಯಾರಾದರೂ ಬೇಡವೆನ್ನಲಿ ಎಂದು ಮುರುಗೇಶ ಕಾದ. ತಾನೇ ಬೇಡವೆನ್ನಬಹುದಿತ್ತು. ಅದಕ್ಕೆ ಇಪ್ಪತ್ತೆರಡನೇ ತಾರೀಖಿನ ಮಾತು ಎತ್ತಬೇಕಿತ್ತು, ಕಾರ್ಖಾನೆ, ಮತ್ತಿಕೆರೆಯ ಎರಡು ಕೋಣೆ, ಎಲ್ಲವನ್ನೂ ಆ ಕಲ್ಲಿನ ಮುಂದೆ ಹರವಬೇಕಿತ್ತು. ಎಂಟು ವರ್ಷದ ಹಿಂದೆ ಮದುವೆಯಾಗಿ ಈ ಮನೆಗೆ ಬಂದು ಮಾವನ ಜವಳಿ ಅಂಗಡಿಗೆ ಕೂತ ಮೊದಲ ದಿನ, ಗಿರಾಕಿಗಳ ಎದುರಿಗೇ, ಮೂಟೆಯ ದಾರಕ್ಕೆ ಗಂಟು ಹಾಕುವುದನ್ನು ಮಾವ ಕಲಿಸಿದ್ದರು. ಎರಡು ಸುತ್ತು, ಬಾಲ ಒಳಕ್ಕೆ, ಹೆಬ್ಬೆರಳಿಂದ ಒತ್ತಿ ಒಂದು ಎಳೆತ. ಅವನು ಕಟ್ಟಿದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು, ಇಪ್ಪತ್ತು ಸಲವೋ ಇಪ್ಪತ್ತೈದು ಸಲವೋ. ಸೀರೆ ಕೊಳ್ಳಲು ಬಂದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತಿದ್ದರು. "ಈ ಗಂಟು ನಮ್ಮ ತಂದೆ ಕಾಲದ್ದು. ಶಿವಮೊಗ್ಗದಲ್ಲಿ ನೋಡಿದೋರಿಗೂ ಇದು ವೀರಭದ್ರಯ್ಯನ ಅಂಗಡಿದು ಅಂತ ಗೊತ್ತಾಗ್ಬೇಕು, ತಿಳೀತಾ?" ಬೆರಳುಗಳು ಈಗ ಅದನ್ನು ನಿದ್ದೆಯಲ್ಲೂ ಕಟ್ಟುತ್ತವೆ. ಬಾವಿಯ ರಾಟೆಯ ಕೆಳಗೆ ನಿಂತು ಅವನಿಗೆ ಇನ್ನೊಂದು ಚಿತ್ರವೂ ಬಂತು: ತಳದಿಂದ ಕರಡಿಗೆಯನ್ನು ತಂದು ಮುದುಕನ ಅಂಗೈಯಲ್ಲಿಟ್ಟು, ಮೈಯಿಂದ ನೀರು ಸುರಿಯುತ್ತಿರುವಾಗಲೇ, ನಾವು ಮುಂದಿನ ತಿಂಗಳು ಮನೆ ಬಿಡ್ತೀವಿ ಎಂದು ಹೇಳುವುದು. ಈ ಚಿತ್ರವೇ ಅವನನ್ನು ಇಳಿಸಿತು. ಭಕ್ತಿಯಲ್ಲ, ಕರುಣೆಯೂ ಅಲ್ಲ.

ಗಿರಿಜಾಂಬಾ ಅವನನ್ನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂರಿಸಿಕೊಂಡರು. ಬತ್ತಿಯನ್ನು ತೆಗೆದು, ಹರಳೆಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಕಿವಿಗೆ ತುರುಕಿ, ಅದರ ಮೇಲೆ ಕಾಯಿಸಿದ ಜೇನುಮೇಣವನ್ನು ಮೆತ್ತಿ ಹೆಬ್ಬೆರಳಿಂದ ತೀಡಿದರು. "ಒಂದು ಹನಿ ಒಳಗೆ ಹೋಗಲ್ಲ, ನೋಡಿ. ನಮ್ಮ ಅಣ್ಣಂದಿರಿಗೂ ಹೀಗೇ ಮಾಡ್ತಿದ್ವಿ." ಹಾಗೆ ಬಿಗಿಯುವುದೇ ಅಪಾಯವೆಂದು ಡಾಕ್ಟರು ಹೇಳಿದ್ದು ಅವನಿಗೆ ಪದಪದವೂ ನೆನಪಿತ್ತು. ಆದರೆ ಎಂಟು ವರ್ಷದಲ್ಲಿ ಈ ಮನೆಯ ಹಿರಿಯರೊಬ್ಬರು ಅವನ ತಲೆಯನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು. ಅವನು ಕತ್ತನ್ನು ವಾಲಿಸಿ ಕೂತ.

ಎಂಟು ಗಂಟೆ ನಲವತ್ತು ನಿಮಿಷಕ್ಕೆ, ಲಂಗೋಟಿಯಲ್ಲಿ, ತನ್ನ ಕರಡಿಗೆಯನ್ನು ಕೊರಳಿಗೆ ಬಟ್ಟೆಯಿಂದ ಬಿಗಿದು, ಹಗ್ಗ ಹಿಡಿದು ಕಾಲುಗುಳಿಗಳಲ್ಲಿ ಹೆಜ್ಜೆಯಿಡುತ್ತ ಇಳಿದ. ನೀರು ಬೇಸಿಗೆಯಲ್ಲೂ ಕೊರೆಯುತ್ತಿತ್ತು. ಉಸಿರು ತುಂಬಿಕೊಂಡು ತಲೆ ಕೆಳಗಾಗಿ ಮುಳುಗಿದ. ಆರು ಅಡಿಯಲ್ಲಿ ಬಲಗಿವಿ ಬಿಗಿಯಿತು. ಮೂಗು ಹಿಡಿದು ಊದಿದ, ಅದು ಬಿಟ್ಟುಕೊಂಡಿತು. ಎಡಗಿವಿ ಹಾಗಲ್ಲ. ಊದಿದ ಗಾಳಿ ಅಲ್ಲಿ ಒಳಗಿನಿಂದ ಹೊರಕ್ಕೆ ಒತ್ತಿತು, ಬಾಗಿಲ ಹಿಂದೆ ಯಾರೋ ಭುಜ ಕೊಟ್ಟು ನಿಂತಂತೆ. ಹತ್ತು ಅಡಿಯಲ್ಲಿ ನೋವು ಹಲ್ಲಿನ ಬುಡಕ್ಕೆ ಬಂತು. ಈಗ ತಿರುಗಬಹುದು ಎಂದುಕೊಂಡ. ಕಾಲುಗಳು ನೀರನ್ನು ಒದೆಯುತ್ತಲೇ ಇದ್ದವು. ತಳದಲ್ಲಿ ಕತ್ತಲು. ಕೈಗೆ ಬಂಡೆ, ಬಂಡೆಯ ಮೇಲೆ ನಾಲ್ಕು ಬೆರಳು ಕೆಸರು, ಕೆಸರಿನಲ್ಲಿ ಒಂದು ಉರುಟು ತಣ್ಣನೆಯ ಬೆಳ್ಳಿ. ಇಷ್ಟು ಸುಲಭವಾಗಿ. ಅದನ್ನು ಹಿಡಿದ ಕ್ಷಣಕ್ಕೇ ಕಿವಿಯೊಳಗೆ ಹೊಸ ಮಲ್ಲು ಬಟ್ಟೆ ಸೀಳಿದಂತೆ ಒಂದು ಸದ್ದಾಯಿತು, ನೋವು ಪೂರ್ತಿ ನಿಂತುಹೋಯಿತು. ನಿಂತದ್ದರಿಂದಲೇ ಅವನಿಗೆ ಗೊತ್ತಾಯಿತು. ಹಿಂದೆಯೇ ಮೇಣ ಕಿತ್ತುಬಂದು ತಣ್ಣೀರು ತಲೆಯೊಳಕ್ಕೆ ನುಗ್ಗಿ ಬಾವಿ ಗಿರ್ರನೆ ತಿರುಗತೊಡಗಿತು. ಕೈಗೆ ಸಿಕ್ಕ ಗೋಡೆಯನ್ನು ತಬ್ಬಿ, ಅದು ಒಯ್ದ ಕಡೆ ಏರಿದ.

ನೀರಿನ ಮೇಲೆ ಹಗ್ಗ ಹಿಡಿದು, ತಿರುಗುವುದು ನಿಲ್ಲುವವರೆಗೆ ಕಣ್ಣು ಮುಚ್ಚಿದ. ಹತ್ತುವುದಕ್ಕೆ ಎರಡು ಕೈಯೂ ಬೇಕು. ಶಿವದಾರದ ಹರಿದ ತುದಿಗಳನ್ನು ಸೊಂಟದ ಹಿಂದೆ ಉಡಿದಾರಕ್ಕೆ ಸುತ್ತಿ ಕಟ್ಟಿ, ಕರಡಿಗೆಯನ್ನು ಲಂಗೋಟಿಯೊಳಗೆ ಸಿಕ್ಕಿಸಿಕೊಂಡ. ಬೇರೆ ಯಾವ ಉದ್ದೇಶವೂ ಆಗ ಅವನಿಗೆ ಇರಲಿಲ್ಲ. ಆಮೇಲೆ ಎಷ್ಟೋ ಸಲ ಯೋಚಿಸಿ ನೋಡಿದಾಗಲೂ ಇರಲಿಲ್ಲವೆಂದೇ ಅವನಿಗೆ ಕಂಡಿತು. ಕಟ್ಟೆಯ ಮೇಲೆ ಮೊಣಕೈ ಊರಿ ತಲೆಯೆತ್ತಿದಾಗ ವೀರಭದ್ರಯ್ಯನವರು ಎದ್ದು ಬಂದು ಎದುರಿಗೇ ನಿಂತಿದ್ದರು. ಅವರು ಅವನ ಎರಡು ಕೈಗಳನ್ನು ನೋಡಿದರು.

"ಬರಿಗೈ. ಗೊತ್ತಿತ್ತು ನಂಗೆ," ಎಂದರು. ಆಮೇಲೆ, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ: "ಇಪ್ಪತ್ತೆರಡಕ್ಕೆ ಕಾರ್ಖಾನೆಯವರಿಗೂ ಇದೇ ಕೈ ತೋರಿಸ್ತೀರೇನು?"

ಕಿವಿಯಿಂದ ಬಿಸಿಯಾದದ್ದೊಂದು ಕತ್ತಿಗೆ ಇಳಿಯಿತು. ಇವರಿಗೆ ಗೊತ್ತಿತ್ತು. ಪರೀಕ್ಷೆ ಗೊತ್ತಿತ್ತು, ಕಿವಿ ಗೊತ್ತಿತ್ತು, ಗೊತ್ತಿದ್ದೇ ಇಳಿಸಿದರು. ಅವನು ಬಾಯಿ ತೆರೆದ; ಸಿಕ್ಕಿತು ಎಂದು ಹೇಳಲು ತೆರೆದದ್ದೇ. "ಸಿಗಲಿಲ್ಲ, ಮಾವ" ಎಂಬ ಮಾತು ಬಂತು. ಶಿವಕುಮಾರಿ ಕೊಟ್ಟ ಪಂಚೆಯನ್ನು ಸೊಂಟಕ್ಕೆ ಸುತ್ತಿಕೊಂಡ.

ಹೊತ್ತು ಏರಿತು. ಅವನು ಹಿತ್ತಲ ಜಗಲಿಯ ಮೇಲೆ ಕಂಬಕ್ಕೊರಗಿ ಕೂತ. ಕರಡಿಗೆ ಬೆನ್ನ ಕೆಳಗಿನ ಎಲುಬಿಗೆ ಒತ್ತುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಮುದುಕರು ಉಗಿಯುವುದು ನಿಂತಿತು, ಉಗಿಯಲು ಏನೂ ಉಳಿದಿರಲಿಲ್ಲ. ಬಿಸಿಲು ಕಲ್ಲಿನ ಮೇಲೆ ಬಂದರೂ ಅವರು ಜಾಗ ಬಿಡಲಿಲ್ಲ. ಕಟ್ಟೆಯ ಮೇಲೆ ಬೆಳಿಗ್ಗೆ ಸೇದಿಟ್ಟ ಕೊಡ ಹಾಗೇ ತುಂಬಿತ್ತು. ಅವರ ಕಣ್ಣು ಅದರ ಮೇಲೆ ಹೋಗಿ, ಸರಿದು, ಮತ್ತೆ ಹೋಗುತ್ತಿದ್ದುದನ್ನು ಮುರುಗೇಶ ಲೆಕ್ಕವಿಟ್ಟವನಂತೆ ನೋಡಿದ. ಇನ್ನೊಂದು ಸಲ ನೋಡಲಿ, ಆಮೇಲೆ ಕೊಡುತ್ತೇನೆ. ನೋಡಿದರು. ಇನ್ನೊಂದು ಸಲ. ಗಿರಿಜಾಂಬಾ ತಲೆಸುತ್ತಿ ಅಡಿಗೆಮನೆಯ ನೆಲದ ಮೇಲೆ ಮಲಗಿಬಿಟ್ಟರು. ಗಂಡ ಮುಟ್ಟದ ನೀರನ್ನು ಅವರೂ ಮುಟ್ಟಿರಲಿಲ್ಲ. ಇದನ್ನು ಅವನು ಯೋಚಿಸಿರಲಿಲ್ಲ. ಮೇಣ ತೀಡಿದ ಹೆಬ್ಬೆರಳು ನೆನಪಾಯಿತು. ಶಿವಕುಮಾರಿ ಬಂದು ಅವನ ಕತ್ತಿನ ರಕ್ತವನ್ನು ಸೆರಗಿನಿಂದ ಒರೆಸಿದಳು. ಅವಳ ತುಟಿಯೂ ಒಣಗಿತ್ತು.

"ಕೇಳ್ಸುತ್ತಾ?"

"ಈ ಕಡೆಯಿಂದ ಇಲ್ಲ."

"ನಾನು ಅಮ್ಮನ ಹತ್ರ ಹೇಳಿದ್ದೆ, ರೀ. ಕಾರ್ಖಾನೆ ವಿಷಯ. ಅಮ್ಮ ಸಂತೋಷಪಡ್ತಾರೆ ಅಂತ." ಅವಳು ಅಳಲಿಲ್ಲ. "ಅಪ್ಪಾಜಿ ಹೀಗೇ ಕೂತಿದ್ರೆ ಸಂಜೆ ತನಕ ಉಳಿಯಲ್ಲ."

ಈಗ ಹೇಳಬಹುದಿತ್ತು. ಹೇಳಿದರೆ ಇಷ್ಟು ಹೊತ್ತು ಎಲ್ಲಿತ್ತು ಎಂದು ಕೇಳುತ್ತಾರೆ. ಮೊದಲ ನಿಮಿಷದಲ್ಲಿ ಅದಕ್ಕೆ ಉತ್ತರವಿತ್ತು. ಪ್ರತಿ ನಿಮಿಷವೂ ಉತ್ತರ ಇನ್ನಷ್ಟು ಕೆಟ್ಟದಾಗುತ್ತ ಬಂದಿತ್ತು. ಇನ್ನೊಬ್ಬರ ಪ್ರಾಣಲಿಂಗವನ್ನು ಲಂಗೋಟಿಯೊಳಗೆ ಇಟ್ಟುಕೊಂಡು ಕೂತವನು ಯಾವ ಬಾಯಲ್ಲಿ ಏನು ಹೇಳಬೇಕು.

ಒಂದು ಗಂಟೆಗೆ ವೀರಭದ್ರಯ್ಯನವರ ಪಟ್ಟು ಮುರಿಯಿತು. ಅವರು ಬೆರಳೆತ್ತಿ ಮಗಳನ್ನು ಕರೆದರು. ಅಂಟಿಕೊಂಡ ನಾಲಗೆಯಿಂದ ಮಾತು ತುಂಡುತುಂಡಾಗಿ ಬಂತು. "ಬೈರಪ್ಪನ್ನೇ... ಕರೆಸು. ಯಾರು ಮುಟ್ಟಿದ್ರೂ... ಸರಿ." ಮುರುಗೇಶ ಈ ಮಾತಿಗಾಗಿಯೇ ಕಾದಿದ್ದ. ಅದು ಬಂದಾಗ ಒಳಗೆ ಏನೂ ಆಗಲಿಲ್ಲ. ಎಡಗಡೆಯ ನಿಶ್ಶಬ್ದದಲ್ಲಿ ಒಂದು ಸಣ್ಣ ಗಂಟೆಯ ನಾದ ಬಿಡದೆ ಕೇಳುತ್ತಿತ್ತು, ಅಷ್ಟೇ.

ದೊಡ್ಡಬೈರಪ್ಪ ಎರಡಕ್ಕೆ ಬಂದ. ಐವತ್ತು ದಾಟಿದ, ಎದೆಯ ಕೂದಲು ನರೆತ ಮನುಷ್ಯ. ಮೂರು ಸಲ ಮುಳುಗಿದ, ಮೂರು ಸಲವೂ ಹೆಚ್ಚು ಹೆಚ್ಚು ಹೊತ್ತು ಕೆಳಗಿದ್ದ. ಕೊನೆಗೆ ಮೇಲೆ ಬಂದು ಕಟ್ಟೆಯ ಮೇಲೆ ಕೂತು, ಅಂಗೈಯಿಂದ ಮುಖದ ನೀರು ತೆಗೆದ.

"ಇಲ್ಲ ಬುದ್ಧಿ. ತಳ ಪೂರಾ ಬಂಡೆ, ಕೆಸರು ನಾಕು ಬೆಟ್ಟಿಲ್ಲ. ಮೂಲೆ ಮೂಲೆ ಸವರ್ದೆ. ಬಿದ್ದಿದ್ರೆ ಸಿಗಲೇಬೇಕಾಗಿತ್ತು."

"ನಾನು ಕಣ್ಣಾರೆ ನೋಡಿದೀನಯ್ಯಾ."

"ನೀವು ಸುಳ್ಳು ಹೇಳ್ತೀರಾ ಅಂತಲ್ಲ." ಬೈರಪ್ಪ ಜಗಲಿಯ ಕಡೆ ನೋಡಿದ. "ಮೊದಲು ಇಳಿದಿದ್ದು ಇವರಾ? ಕಿವಿ ಒಡ್ಕೊಂಡಿದಾರೆ. ತಳ ಮುಟ್ಟಿಯೇ ಬಂದಿದಾರೆ ಅನ್ನಿ." ಪಂಚೆಯ ಮೇಲೆ ಸೊಂಟ ಹಿಡಿದುಕೊಂಡ ಮುರುಗೇಶನ ಕೈಯನ್ನು ನೋಡಿ, ಮತ್ತೆ ಬಾವಿಯ ನೀರನ್ನು ನೋಡಿದ.

"ಇನ್ನೊಂದು ಸಲ ನಾನೇ ಇಳೀತೀನಿ," ಎಂದ ಮುರುಗೇಶ. ಬೇರೆ ದಾರಿ ಉಳಿದಿರಲಿಲ್ಲ. ಮೇಲಿರುವುದನ್ನು ಮೇಲೆ ತರಬೇಕಾದರೆ ಅದರ ಜೊತೆ ಒಮ್ಮೆ ಕೆಳಗೆ ಹೋಗಿಬರಬೇಕು.

ಶಿವಕುಮಾರಿ ಬೇಡ ಎಂದಳು. ಬೈರಪ್ಪ ಅವನ ಹಿಂದೆಯೇ ಕಾಲುಗುಳಿಗಳಲ್ಲಿ ನೀರಿನ ತನಕ ಇಳಿದು ಬಂದು, ಬಲಗಿವಿಯ ಹತ್ತಿರ ಮೆಲ್ಲಗೆ ಹೇಳಿದ: "ಒಡೆದ ಕಿವೀಲಿ ನೀರು ಹೊಕ್ಕರೆ ಮೇಲು ಕೆಳಗು ಗೊತ್ತಾಗಲ್ಲ, ಸ್ವಾಮಿ. ಹಗ್ಗ ಬಿಡಬೇಡಿ. ತಳದ ತನಕ ಯಾಕೆ ಹೋಗ್ತೀರ? ಒಂದಾಳುದ್ದ ಮುಳುಗಿದ್ರೆ ಸಾಕು, ಮೇಲಿನೋರಿಗೆ ಕಾಣಲ್ಲ."

ಅವನು ಬೈರಪ್ಪನ ಮುಖ ನೋಡಲಾರದೆ ಮುಳುಗಿದ. ಎರಡಾಳು ಆಳಕ್ಕೆ ಹೋದ. ಅಷ್ಟಾದರೂ ನಿಜವಾಗಿರಲಿ ಎಂದು. ತಣ್ಣೀರು ತಡೆಯಿಲ್ಲದೆ ತಲೆಯ ನಡುವಿನವರೆಗೆ ಬಂತು, ಬಾವಿಯ ಗೋಡೆ ಸಡಿಲಗೊಂಡು ಬುಗುರಿಯಂತೆ ಸುತ್ತಿತು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಬೆನ್ನ ಹಿಂದೆ. ದಾರದ ಗಂಟು ನೆನೆದು ಕಲ್ಲಾಗಿತ್ತು. ಉಗುರು ಹೋಗಲಿಲ್ಲ. ಉಸಿರು ಮುಗಿಯುತ್ತ ಬಂತು, ಹೊಟ್ಟೆಯಲ್ಲಿದ್ದ ಹುಳಿನೀರು ಗಂಟಲಿಗೆ ಬಂತು. ಉಡಿದಾರವನ್ನೇ ಹಿಡಿದು ಜಗ್ಗಿದ. ಎರಡನೆಯ ಜಗ್ಗಿಗೆ ಅದು ಸೊಂಟವನ್ನು ಕೊಯ್ದು ಕಿತ್ತುಬಂತು. ಕರಡಿಗೆ ಕೈಗೆ ಬಂತು, ಹಗ್ಗ ಕೈತಪ್ಪಿತು. ಮೇಲೆಂದು ಅವನು ಒದ್ದ ಕಡೆ ಬಂಡೆ ಸಿಕ್ಕಿತು. ಆಮೇಲೆ ಕೂದಲನ್ನು ಯಾರೋ ಹಿಡಿದರು. ಬೈರಪ್ಪನ ಕೈ.

ಎರಡು ಗಂಟೆ ಐವತ್ತು ನಿಮಿಷಕ್ಕೆ ಅವನನ್ನು ಹಗ್ಗ ಕಟ್ಟಿ ಮೇಲೆತ್ತಿದರು. ಅವನು ಕಟ್ಟೆಯ ಮೇಲೆ ವಾಂತಿ ಮಾಡಿಕೊಂಡು, ಮುಷ್ಟಿಯನ್ನು ಮಾವನ ಕಡೆ ಚಾಚಿ ಬಿಚ್ಚಿದ.

"ಮುಟ್ಟಿದ್ದು ಯಾರು?" ಎಂದರು ವೀರಭದ್ರಯ್ಯನವರು.

"ನಿಮ್ಮ ಅಳಿಯಂದಿರೇ, ಬುದ್ಧಿ. ನನ್ನ ಕೈ ತಾಕಿಲ್ಲ," ಎಂದ ಬೈರಪ್ಪ.

ಅವರು ಮಡಿಬಟ್ಟೆಯನ್ನು ಹರವಿ ಕರಡಿಗೆಯನ್ನು ಅದರ ಮೇಲೆ ಹಾಕಿಸಿಕೊಂಡರು. ಕಣ್ಣಿಗೊತ್ತಿಕೊಳ್ಳಲು ಎತ್ತಿದವರು ಅರ್ಧಕ್ಕೆ ನಿಂತರು. ಬೆಳಿಗ್ಗೆ ಹರಿದು ಎರಡು ತುದಿಯಾಗಿ ಬಿದ್ದ ಶಿವದಾರ, ಈಗ ತುದಿಗಳು ಕೂಡಿ ಒಂದು ಕುಣಿಕೆಯಾಗಿತ್ತು. ಕೂಡಿದಲ್ಲಿ ಎರಡು ಸುತ್ತು, ಬಾಲ ಒಳಕ್ಕೆ. ಅವರ ಹೆಬ್ಬೆರಳು ಗಂಟಿನ ಮೇಲೆ ಬಂದು, ಜವಳಿ ಮೂಟೆಯ ಮೇಲೆ ನಿಲ್ಲುವ ಹಾಗೆ ಅಲ್ಲೇ ನಿಂತಿತು. ಅವರು ಅಳಿಯನ ಸೊಂಟವನ್ನು ನೋಡಿದರು. ಉಡಿದಾರವಿದ್ದ ಕಡೆ ಕೆಂಪು ಗೆರೆಯೊಂದಿತ್ತು.

ಅತ್ತೆ ಗೋಡೆ ಹಿಡಿದುಕೊಂಡು ಹೊಸ ಶಿವದಾರವನ್ನು ತಂದರು.

"ಬೇಡ," ಎಂದರು ವೀರಭದ್ರಯ್ಯನವರು. "ಇದೇ ಇರಲಿ. ಗಂಟು ಗಟ್ಟಿಯಾಗಿದೆ."

ಪೂಜೆ ಮುಗಿಸಿ ಮೂರೂಕಾಲಿಗೆ ಅವರು ನೀರು ಕುಡಿದರು. ಮಾರನೆಯ ದಿನ ಡಾಕ್ಟರು ದೀಪ ಹಿಡಿದು ನೋಡಿ, ತಮಟೆ ಹರಿದಿದೆ, ಮುಚ್ಚಿಕೊಂಡರೂ ತಿಂಗಳುಗಳು ಬೇಕು ಎಂದರು. ಮೈಪರೀಕ್ಷೆಯ ಇಪ್ಪತ್ತೆರಡು ಶುಕ್ರವಾರವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಮುರುಗೇಶ ಚಿಕ್ಕಪೇಟೆಯ ಅಂಗಡಿಯ ಬಾಗಿಲು ತೆಗೆದ. ಎಂಟೂಕಾಲಿಗೆ ಮಾವ ಬಂದರು. ದಾರವನ್ನು ಗಂಟು ಕಾಣುವಂತೆ ಅಂಗಿಯ ಮೇಲೆ ಹಾಕಿಕೊಂಡಿದ್ದರು. ಅವರು ಎಡಗಡೆಯ ಹಾಸಿನಿಂದ ತಮ್ಮ ಒರಗುದಿಂಬನ್ನು ಎತ್ತಿಕೊಂಡು, ಅಳಿಯನ ಬಲಕ್ಕೆ, ಕೇಳುವ ಕಿವಿಯ ಕಡೆಗೆ, ಬಂದು ಕೂತರು.